ಕೆಂಪಕ್ಕ ಬಿಸಿಲಿಗೆ ಹಾಕಿದ ನಲವತ್ತು ಚೀಲ

ಹೋದ ತಿಂಗಳು ತಾರಸಿಯ ಹೂವಿನ ಕುಂಡಗಳಿಗೆಂದು ತುಮಕೂರಿನ ನರ್ಸರಿಯೊಂದರಿಂದ ಕೋಕೋಪೀಟಿನ ಇಟ್ಟಿಗೆ ತಂದೆ. ಇಟ್ಟಿಗೆ ಅಂದರೆ ಮತ್ತೇನಲ್ಲ, ತೆಂಗಿನಮಟ್ಟೆಯಿಂದ ನಾರು ಬಿಡಿಸುವಾಗ ಉದುರುವ ಪುಡಿ. ಅದನ್ನೇ ಒತ್ತಿ, ಪ್ಲಾಸ್ಟಿಕ್ ಸುತ್ತಿ, ಮೇಲೊಂದು ಹಸಿರು ಎಲೆಯ ಚಿತ್ರ ಅಂಟಿಸಿದ್ದರು. ಮಟ್ಟೆಪುಡಿಯನ್ನು ದುಡ್ಡು ಕೊಟ್ಟು ಕೊಂಡಳಂತೆ ಅಂತ ಗೊತ್ತಾದರೆ ದಂಡಿನಶಿವರದಲ್ಲಿ ನಮ್ಮ ಮನೆಯವರು ಒಂದು ವರ್ಷ ಆಡಿಕೊಂಡು ನಗುತ್ತಾರೆ. ಬಕೆಟ್ಟಿಗೆ ಹಾಕಿ ನೀರು ಸುರಿದೆ. ಪುಡಿ ಉಬ್ಬುತ್ತಾ ಬಕೆಟ್ಟಿನ ಬಾಯಿಗೆ ಬಂತು, ಅದರ ಹಿಂದೆಯೇ ನೆನೆದ ಮಟ್ಟೆಯ ಒಗರು ವಾಸನೆಯೂ ಬಂತು. ಕೈ ತನ್ನಷ್ಟಕ್ಕೇ ಬಕೆಟ್ಟಿಗೆ ಹೋಗಿ ಒಂದು ಹಿಡಿ ಎತ್ತಿ ಹಿಂಡಿತು. ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು. ಆ ಲೆಕ್ಕವನ್ನು ಬಿಳಿಗೆರೆಯ ಕೆಂಪಕ್ಕನಿಗೆ ಹೇಳಿಕೊಟ್ಟವಳು ನಾನೇ. ಹೇಳಬೇಕಾದ ಇನ್ನೊಂದು ಮಾತನ್ನು ಮಾತ್ರ ಹೇಳಲಿಲ್ಲ. ಬಕೆಟ್ಟಿನ ಮುಂದೆ ಹಾಗೇ ಕುಕ್ಕರಗಾಲಲ್ಲಿ ಕೂತಿದ್ದೆ, ಕುಂಡಗಳಿಗೆ ಅವತ್ತು ಮಣ್ಣು ತುಂಬಲಿಲ್ಲ.

ಅದು ಕೊರೋನಾ ಬಂದುಹೋದ ಮೇಲಿನ ಒಂದು ಕಾರ್ತಿಕ. ನಾನು ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಒಬ್ಬ ಮೇಷ್ಟರ ಕೈಕೆಳಗೆ ಪ್ರಾಜೆಕ್ಟ್ ಕೆಲಸಕ್ಕಿದ್ದೆ. ವರ್ಷವರ್ಷ ಮುಂದುವರಿಸುವ ಕೆಲಸ, ಮುಂದುವರಿಸದಿದ್ದರೆ ಅಲ್ಲಿಗೆ ಮುಗಿಯಿತು. ಮೇಷ್ಟರು ಬಂದರುಗಳಲ್ಲಿ ದೋಣಿ ಕಟ್ಟುವ ಕಡೆಯ ಕೆಸರನ್ನು ತಂದು, ಅದರಲ್ಲಿ ಎಣ್ಣೆ ತಿಂದು ಬದುಕುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ, ಜಾಡಿಗಳಲ್ಲಿ ಸಾಕಿಕೊಂಡಿದ್ದರು. ಸಮುದ್ರದಲ್ಲಿ ಅಂಥವು ಮೊದಲಿನಿಂದಲೂ ಇವೆ. ಡೀಸೆಲ್ ಸೋರಿದರೂ, ಹಡಗಿನ ಕಪ್ಪೆಣ್ಣೆ ಚೆಲ್ಲಿದರೂ ಅವಕ್ಕೆ ಅದು ಊಟವೇ. ನಿಧಾನಕ್ಕೆ ಮುರಿದು ತಿಂದು ಮುಗಿಸುತ್ತವೆ. ಆದರೆ ಚೆಲ್ಲಿದ್ದು ಹೆಚ್ಚಾದರೆ ಅಲ್ಲಿರುವಷ್ಟು ಸಾಲುವುದಿಲ್ಲ, ಬೆಳೆಸಿ ತಂದು ನೀರಿಗೆ ಸುರಿದರೆ ಅಲೆ ಹೊತ್ತುಕೊಂಡು ಹೋಗುತ್ತದೆ. ಅವು ಕಚ್ಚಿಕೊಂಡು ಕೂರಲು ಒಂದು ಮನೆ ಬೇಕು. ಆ ಮನೆ ಎಣ್ಣೆಯನ್ನೂ ಹೀರಿಕೊಳ್ಳುವಂತಿದ್ದರೆ ಇನ್ನೂ ಒಳ್ಳೆಯದು.

"ನಿಮ್ಮೂರ ಕಡೆ ಮಟ್ಟೆಪುಡಿ ರಾಶಿ ಬಿದ್ದಿರುತ್ತಲ್ಲಮ್ಮ ಭಾಗ್ಯ, ಅದು ಎಣ್ಣೆ ಹೀರುತ್ತಾ ನೋಡು" ಅಂತ ಮೇಷ್ಟರು ಒಂದು ದಿನ ಅಂದರು. ನೋಡಿದೆ. ಹೀರಿತು. ಬ್ಯಾಕ್ಟೀರಿಯಾಗಳೂ ಅದರ ಸಂದುಗಳಲ್ಲಿ ಸುಖವಾಗಿ ಸಂಸಾರ ಹೂಡಿದವು. ನಮ್ಮ ತೋಟದ ದಾರಿಯಲ್ಲಿ ಕಾಲಿಗೆ ಸಿಕ್ಕಿ ಬೈಸಿಕೊಳ್ಳುತ್ತಿದ್ದ ಕಸ ಸಮುದ್ರಕ್ಕೆ ಔಷಧವಾಗುತ್ತದೆ ಅಂತ ನನಗೆ ಹಿಡಿಸಲಾರದಷ್ಟು ಹೆಮ್ಮೆಯಾಗಿತ್ತು.

ಆ ವರ್ಷ ಮಳೆಗಾಲದ ಕೊನೆಗೆ ಕರಾವಳಿಯಲ್ಲಿ ಒಂದು ಸರಕಿನ ಹಡಗು ದಡಕ್ಕೆ ತಗುಲಿ ಅದರ ಎಣ್ಣೆ ಸೋರಿತು. ಆ ಕಪ್ಪೆಣ್ಣೆ ಭರತದ ಜೊತೆ ಹೊಳೆಯ ಅಳಿವೆಯೊಳಕ್ಕೆ ನುಗ್ಗಿ, ಇಳಿತದಲ್ಲಿ ಕೆಸರಿನ ಮೇಲೆ ಕೂತುಬಿಟ್ಟಿತು. ಆ ಕೆಸರಿನಲ್ಲಿ ಹೆಂಗಸರು ಚಿಪ್ಪುಮೀನು ಆರಿಸುತ್ತಾರೆ. ಅವರಿಗೆ ಅದೇ ಹೊಲ, ಅದೇ ತೋಟ. ಮೇಲುಮೇಲಿನ ಎಣ್ಣೆಯನ್ನು ಬಾಚಿ ತೆಗೆದಿದ್ದರು, ಕೆಸರಿಗೆ ಇಳಿದದ್ದು ಇಳಿದೇ ಇತ್ತು. ಚಿಪ್ಪುಗಳು ಇನ್ನೂ ಪೂರ್ತಿ ಸತ್ತಿಲ್ಲ, ಕೆಸರು ಬೇಗ ಶುದ್ಧವಾದರೆ ಮುಂದಿನ ವರ್ಷಕ್ಕೆ ಬೀಜ ಉಳಿಯುತ್ತದೆ ಅಂತ ತಿಳಿದವರು ಹೇಳಿದ್ದರು. ಮೇಷ್ಟರು ಓಡಾಡಿ, ಅಧಿಕಾರಿಗಳ ಕೈಕಾಲು ಹಿಡಿದು, ಒಂದು ತುಂಡು ಕೆಸರಿನಲ್ಲಿ ನಮ್ಮ ಪುಡಿಯನ್ನು ಪ್ರಯೋಗಿಸಲು ಒಪ್ಪಿಗೆ ತಂದರು. ನಲವತ್ತು ಚೀಲ ಬೇಕು, ಕಾರ್ತಿಕ ಅಮಾವಾಸ್ಯೆಯೊಳಗೆ ಬೇಕು.

ಬಿಳಿಗೆರೆ ಹತ್ತಿರ ಪುಟ್ಟಸ್ವಾಮಣ್ಣನವರದು ನಾರಿನ ಫ್ಯಾಕ್ಟರಿ. ಒಂದು ಕಡೆ ಮಟ್ಟೆ ಬಡಿಯುವ ಮಿಷನ್ನು, ಇನ್ನೊಂದು ಕಡೆ ಕೊಬ್ಬರಿ ಒಣಗಿಸುವ ಸಿಮೆಂಟಿನ ಕಣ, ಹಿಂದೆ ಆಳೆತ್ತರದ ಪುಡಿ ರಾಶಿ. ನನಗೆ ಒಂದು ಶೆಡ್ಡು ಬಿಟ್ಟುಕೊಟ್ಟರು. ದೊಡ್ಡ ಮನಸ್ಸಿನ, ಸಣ್ಣ ಎದೆಯ ಮನುಷ್ಯ. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ಆ ಬ್ಯಾಕ್ಟೀರಿಯಾ ಗೀಕ್ಟೀರಿಯಾ ಅನ್ನೋ ಮಾತು ಇಲ್ಲಿ ಆಡಬ್ಯಾಡಿ ಕಣ್ರೀ. ಕೊರೋನಾದಾಗ ಮನೆಯೋರನ್ನ ಕಳ್ಕಂಡೋರು ಇಬ್ರು ನನ್ ಹತ್ರ ಕೆಲ್ಸ ಮಾಡ್ತಾವ್ರೆ. ರೋಗದ ಹುಳ ತಂದವ್ರೆ ಅಂದ್ರೆ ನಾಳೆಯಿಂದ ಒಬ್ರೂ ಬರಾಕಿಲ್ಲ."

"ಇದು ರೋಗದ್ದಲ್ಲ ಪುಟ್ಟಸ್ವಾಮಣ್ಣ."

"ನಿಮಗೆ ಗೊತ್ತು, ನನಗೆ ಗೊತ್ತು. ಅವ್ರಿಗೆ ಯಾರು ಬಿಡಿಸಿ ಹೇಳ್ತಾರೆ? ಔಷಧಿ ಅಂದ್ಬುಡಿ. ಔಷಧಿ ಅಂದ್ರೆ ಯಾರೂ ಏನೂ ಕೇಳಾಕಿಲ್ಲ."

ಅವರು ಹೆದರಿ ಹಾಗಂದರು. ನಾನು ಸಲೀಸಾಯಿತು ಅಂತ ಒಪ್ಪಿಕೊಂಡೆ. ಬಿಡಿಸಿ ಹೇಳುವುದಕ್ಕೆ ಅರ್ಧ ಗಂಟೆ ಸಾಕಾಗಿತ್ತು. ಆದರೆ ಆಗ ನನ್ನ ತಲೆಯಲ್ಲಿ, ಇಂಥ ವಿಷಯ ಇವರಿಗೆಲ್ಲಿ ತಿಳಿಯುತ್ತದೆ ಅನ್ನುವ ಓದಿದವರ ಜಂಬ ಕೂತಿತ್ತು. ಅದೇ ಊರ ಪಕ್ಕದವಳು, ಅದೇ ಮುದ್ದೆ ಉಂಡು ಬೆಳೆದವಳು ನಾನು. ನೆನೆದರೆ ಮೈ ಉರಿಯುತ್ತದೆ.

ಕೆಲಸಕ್ಕೆ ಪುಟ್ಟಸ್ವಾಮಣ್ಣ ಕೆಂಪಕ್ಕನನ್ನು ಕೊಟ್ಟರು. ಐವತ್ತೈದರ ಆಸುಪಾಸಿನ, ಗಿಡ್ಡಕ್ಕೆ ಗಟ್ಟಿಯಾಗಿದ್ದ ಹೆಂಗಸು. ನಮ್ಮ ಸೀಮೆಯಲ್ಲಿ ಕಾಯಿಯನ್ನು ಮಟ್ಟೆಸಮೇತ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಅಂತ ಹೇಳಲು ಸುತ್ತಮುತ್ತಲ ಮನೆಗಳವರು ಕೆಂಪಕ್ಕನನ್ನು ಕರೆಯುತ್ತಿದ್ದರು. ಅವಳು ಅಟ್ಟ ಹತ್ತಿ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. "ಕಾಯಿ ಮಾತಾಡ್ಬೇಕು ಕಣವ್ವ. ಒಣಗಿದ್ರೆ ತಾನೇ ಗಡಗಡ ಅಂತ ಮಾತಾಡುತ್ತೆ. ಮೂಗನಂಗಿದ್ರೆ ಇನ್ನೂ ಹಸಿ, ಅಂಗೇ ಮಡಗ್ಬೇಕು." ಅವಳು ಇಳಿಸಿ ಅಂದರೆ ಇಳಿಸುತ್ತಿದ್ದರು, ಬೇಡ ಅಂದರೆ ಇನ್ನೊಂದು ತಿಂಗಳು ಕಾಯುತ್ತಿದ್ದರು. ಕೆಂಪಮ್ಮನ ಕೈ ದಾಟಿ ಬಂದ ಮಾಲು ಅಂದರೆ ಮಂಡಿಯಲ್ಲೂ ಎರಡನೇ ಮಾತಿರಲಿಲ್ಲ.

ಹನ್ನೆರಡು ದಿನ ನಾವಿಬ್ಬರೂ ಆ ಶೆಡ್ಡಿನಲ್ಲಿ ಕೆಲಸ ಮಾಡಿದೆವು. ಪುಡಿಯನ್ನು ತೊಳೆದು ಅದರ ಕಂದು ನೀರು ಬಸಿಯುವುದು, ನಾನು ಡ್ರಮ್ಮಿನಲ್ಲಿ ಬೆಳೆಸಿದ ಬೆಳ್ಳನೆಯ ನೀರನ್ನು ಚಿಮುಕಿಸುವುದು, ಹಿಡಿ ಯೂರಿಯಾ ಹಿಡಿ ಫಾಸ್ಫೇಟು ಬೆರೆಸುವುದು, ಮಗುಚಿ ಮಗುಚಿ ಒದ್ದೆ ಗೋಣಿ ಹೊದಿಸುವುದು. ಹೊರಗೆ ಸೋನೆ ಹಿಡಿದಿತ್ತು. ವಾರವಿಡೀ ಸೂರ್ಯನ ಮುಖ ಕಾಣಲಿಲ್ಲ, ಕಣದಲ್ಲಿದ್ದ ಕೊಬ್ಬರಿಗೆ ಬೂಷ್ಟು ಬರುತ್ತದೆಂದು ಪುಟ್ಟಸ್ವಾಮಣ್ಣ ಮೋಡ ನೋಡಿ ನೋಡಿ ಬೈಯುತ್ತಿದ್ದರು. ನಮ್ಮ ಶೆಡ್ಡಿನಲ್ಲಿ ಮಾತ್ರ ಆ ತೇವ ನನಗೆ ಹಬ್ಬವಾಗಿತ್ತು.

ಮಧ್ಯಾಹ್ನ ಕೆಂಪಕ್ಕ ಸ್ಟೀಲು ಕ್ಯಾನಿನಿಂದ ನನಗೂ ಮಜ್ಜಿಗೆ ಬಗ್ಗಿಸುತ್ತಿದ್ದಳು. ಅಂಥ ಮಜ್ಜಿಗೆ ನಾನು ಬೇರೆಲ್ಲೂ ಕುಡಿದಿಲ್ಲ. ಅವಳ ಹೆಪ್ಪು ತವರಿಂದ, ಮಾಯಸಂದ್ರದ ಕಡೆಯಿಂದ ಬಂದದ್ದಂತೆ. ಮದುವೆಯಾದ ವಾರಕ್ಕೆ ಅವರವ್ವ ಒಂದು ಕುಡಿಕೆಯಲ್ಲಿ ಕೊಟ್ಟು ಕಳಿಸಿದ್ದನ್ನು ಅವತ್ತಿಂದ ಒಂದು ದಿನವೂ ತಪ್ಪಿಸದೆ ಉಳಿಸಿಕೊಂಡು ಬಂದಿದ್ದಳು. ಬೇಸಿಗೆಯಲ್ಲಿ ಕುಡಿಕೆಗೆ ಒದ್ದೆ ಬಟ್ಟೆ ಸುತ್ತಿ ಮರಳಿನಲ್ಲಿಡುವುದು, ಚಳಿಗಾಲದಲ್ಲಿ ಒಲೆಯ ಮಗ್ಗುಲಿಗೆ ತರುವುದು, ಊರಿಗೆ ಹೋಗುವುದಿದ್ದರೆ ಓರಗಿತ್ತಿಯ ಕೈಗೆ ಒಪ್ಪಿಸಿ ಹೋಗುವುದು. "ಅದಕ್ಕೂ ಜೀವ ಐತೆ ಕಣವ್ವ. ದೀಪ ಹಚ್ಚಿದ್ ಮ್ಯಾಲೆ ಯಾರು ಕೇಳಿದ್ರೂ ಕೊಡಾಕಿಲ್ಲ ನಾನು" ಅನ್ನುತ್ತಿದ್ದಳು. ನಾನು ಸೂಕ್ಷ್ಮಜೀವಿ ಶಾಸ್ತ್ರದ ಎಂ.ಎಸ್ಸಿ.ಯವಳು, ಇದನ್ನೆಲ್ಲ ಕೇಳಿಕೊಂಡು ಮಜ್ಜಿಗೆ ಕುಡಿದು ಮೂತಿ ಒರೆಸಿಕೊಂಡೆ. ಕಣ್ಣೆದುರಿಗಿದ್ದ ಗೋಣಿಯ ಕೆಳಗೆ ಇರುವುದೂ ಅಂಥದೇ ಕಣಕ್ಕ ಅಂತ ಒಂದು ಮಾತು ನನ್ನ ಬಾಯಿಗೆ ಬರಲಿಲ್ಲ.

ಮೇಷ್ಟರು ಅಳಿವೆಯ ವಿಡಿಯೋ ಕಳಿಸಿದ್ದರು. ಅದನ್ನು ಕೆಂಪಕ್ಕನಿಗೆ ತೋರಿಸಿದ್ದೆ. ಸೊಂಟಕ್ಕೆ ಬುಟ್ಟಿ ಕಟ್ಟಿದ ಹೆಂಗಸರು ಕಪ್ಪು ಕೆಸರಿನಲ್ಲಿ ಕೈಯಾಡಿಸಿ, ಬರಿಗೈ ಎತ್ತಿ ತೋರಿಸುತ್ತಿದ್ದರು. ಅವಳು ಎರಡು ಸಲ ನೋಡಿದಳು.

"ಇವರ್ಗೆ ಇದೇನಾ ಗದ್ದೆ?"

"ಹೂಂ ಕೆಂಪಕ್ಕ."

"ಅಯ್ಯೋ, ನಿಂತ ಬೆಳೇಗೆ ಎಣ್ಣೆ ಹುಯ್ದಂಗಾಯ್ತಲ್ಲವ್ವ." ಆಮೇಲೆ ದಿನಾ ಬಂದವಳೇ ಮೊದಲು ಕೇಳುತ್ತಿದ್ದದ್ದು ಅದೇ: "ಆ ಹೆಂಗಸ್ರ ಗದ್ದೆ ಏನಾಯ್ತಂತೆ?"

ಸಾಗಿಸುವ ಲಾರಿ ಸೋಮವಾರಕ್ಕೆ ಗೊತ್ತಾಗಿತ್ತು. ಶುಕ್ರವಾರದ ಹೊತ್ತಿಗೆ ನಲವತ್ತೂ ಚೀಲ ತುಂಬಿ ನೆರಳಲ್ಲಿ ಜೋಡಿಸಿದೆವು. ಶನಿವಾರ ನನಗೆ ಒಂದು ಕರೆ ಇತ್ತು. ನಾನು ಓದಿದ್ದ ಕಾಲೇಜಿನಲ್ಲಿ ಹಳೇ ವಿದ್ಯಾರ್ಥಿಗಳಿಗೆ ಸನ್ಮಾನ. ನಮ್ಮ ತೆಂಗು ಸಮುದ್ರವನ್ನು ಉಳಿಸುವ ಬಗೆ ಅಂತ ನಾನು ಹತ್ತು ನಿಮಿಷ ಮಾತಾಡಬೇಕು. ಬೆಳಗ್ಗೆ ಸೀರೆ ಉಟ್ಟು ಬಸ್ಸಿಗೆ ಹೊರಟವಳನ್ನು ಕೆಂಪಕ್ಕ ಫ್ಯಾಕ್ಟರಿಯ ಬಾಗಿಲಲ್ಲಿ ತಡೆದಳು. ಅವಳ ಕೈಯಲ್ಲಿ ಒಂದು ಹಿಡಿ ಪುಡಿ ಇತ್ತು.

"ಚೀಲದ ಬಾಯಲ್ಲಿ ಬೆಳ್ಳಗೆ ಬೂಷ್ಟು ಕಟ್ಟೈತೆ ಕಣವ್ವ. ಮುಗ್ಗಲು ವಾಸ್ನೆ ಬ್ಯಾರೆ. ಹಿಂಗೇ ಬುಡೋದಾ?"

ಆ ಬೂಷ್ಟಿನಿಂದ ನಮ್ಮ ಮಾಲಿಗೆ ತೊಂದರೆಯೇನಿರಲಿಲ್ಲ, ಆದರೆ ಬಿಡಿಸಿ ಹೇಳಲು ಹೊತ್ತಿರಲಿಲ್ಲ, ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯುತ್ತಿತ್ತು. "ಅಯ್ಯೋ, ನಿಂಗೆ ಅದೆಲ್ಲ ಗೊತ್ತಾಗಲ್ಲ ಬುಡು ಕೆಂಪಕ್ಕ. ಸೋಮವಾರದ ತನಕ ಮಾಲು ಕೆಡದಂಗೆ ನೋಡ್ಕೋ, ಅಷ್ಟು ಸಾಕು" ಅಂದೆ. ಅಂದು ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದಾಗ ಅವಳು ಕೈಯಲ್ಲಿದ್ದ ಪುಡಿಯನ್ನು ಮೂಸುತ್ತಾ ನಿಂತಿದ್ದಳು.

ಕಾಲೇಜಿನಲ್ಲಿ ನನಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ನನ್ನ ತಲೆಗೆ ದೊಡ್ಡದಾಗಿ ಕಣ್ಣಿನ ತನಕ ಜಾರುತ್ತಿತ್ತು. ಆದರೂ ಫೋಟೋ ಮುಗಿಯುವ ತನಕ ತೆಗೆಯಲಿಲ್ಲ. ಭಾನುವಾರ ದಂಡಿನಶಿವರಕ್ಕೆ ಹೋಗಿ ಮನೆಯವರಿಗೆಲ್ಲ ಆ ಫೋಟೋ ತೋರಿಸಿದೆ. ಆ ಎರಡು ದಿನ ಸೋನೆ ಬಿಟ್ಟು, ತೊಳೆದ ಹಾಗೆ ಬಿಸಿಲು ಬಿದ್ದಿತ್ತು. ಹೊಸ ಶಾಲನ್ನು ಅವ್ವ ಆ ಬಿಸಿಲಿಗೆ ಹರವಿದ್ದಳು. ಎಂಥಾ ಚೆನ್ನಾದ ಬಿಸಿಲು ಅಂತ ನಾನೇ ಹೊಗಳಿದ್ದು ನೆನಪಿದೆ.

ಸೋಮವಾರ ಬೆಳಗ್ಗೆ ಫ್ಯಾಕ್ಟರಿಗೆ ಬಂದರೆ ಕೊಬ್ಬರಿ ಕಣದ ತುಂಬ ನಮ್ಮ ಪುಡಿ. ಅಂಗೈ ದಪ್ಪಕ್ಕೆ, ಗೆರೆ ಎಳೆದ ಹಾಗೆ ಸಮವಾಗಿ ಹರವಿತ್ತು. ಕೆಂಪಕ್ಕ ಸೆರಗು ತಲೆಗೆ ಕಟ್ಟಿ ಮಂಕರಿಯಲ್ಲಿ ಬಾಚಿ ಚೀಲಕ್ಕೆ ತುಂಬುತ್ತಿದ್ದಳು. ಕೆಲವು ಚೀಲ ಆಗಲೇ ಹೊಲಿದು ನಿಂತಿದ್ದವು. ಅವಳ ಮುಖ ಬಿಸಿಲಿಗೆ ಕೆಂಪಾಗಿತ್ತು, ಅದರ ತುಂಬ ನಗೆ ಇತ್ತು.

"ಬಂದ್ಯಾ? ನೋಡಿಲ್ಲಿ. ದೇವ್ರು ಕಣ್ಬುಟ್ಟ, ಎಲ್ಡು ದಿನ ಬಿಸ್ಲು ಕೊಟ್ಟ. ಬೂಷ್ಟೆಲ್ಲ ಹೋಯ್ತು ನೋಡು. ಪುಟ್ಟಸ್ವಾಮಪ್ಪೋರ ಕೊಬ್ಬರೀನ ಒಳಕ್ಕೆ ಹಾಕ್ಸಿ, ಜಗಳ ಆಡಿ ಕಣ ತಗಂಡೆ. ಒದ್ದೆ ಮಾಲು ಕಳ್ಸಿ ಆ ಹೆಂಗಸ್ರ ಮುಂದೆ ನಮ್ ಮರ್ಯಾದೆ ಹೋಗ್ಬಾರ್ದು ಅಲ್ವಾ?"

ನಾನು ಬಗ್ಗಿ ಒಂದು ಹಿಡಿ ಎತ್ತಿದೆ. ಹಗುರಾಗಿ, ಬೆಚ್ಚಗೆ, ಗರಗರ ಅನ್ನುತ್ತಿತ್ತು. ಹಿಂಡಿದರೆ ಬೆರಳ ಸಂದಿನಲ್ಲಿ ಗಾಳಿಗೆ ಹಾರಿಹೋಯಿತು. ನಾವು ಬೆಳೆಸಿದ್ದು ತೇವದಲ್ಲಿ ಮಾತ್ರ ಬದುಕುವ ಜಾತಿ. ತೆಂಗಿನ ಸೀಮೆಯ ಹೆಂಗಸಿಗೆ ಮಾಲು ಕೆಡದಂತೆ ನೋಡಿಕೋ ಅಂದರೆ ಅವಳು ಮತ್ತೇನು ಮಾಡುತ್ತಾಳೆ? ತಾಯಿ ಹೊಟ್ಟೆಯಿಂದಲೇ ಕಲಿತು ಬಂದದ್ದನ್ನು ಮಾಡಿದ್ದಳು. ಕಣದ ಅಂಚಿಗೆ ಕೂತುಬಿಟ್ಟೆ. "ಏನವ್ವ, ಮೈ ಸರಿ ಇಲ್ವಾ?" ಅಂತ ಅವಳು ನನ್ನ ತೋಳು ಹಿಡಿದಳು. ಏನಿಲ್ಲ, ಬಸ್ಸಿನಲ್ಲಿ ತಲೆ ಸುತ್ತಿತು ಅಂದೆ.

ಲಾರಿ ಬಂತು. ಲಾರಿಯವನ ಮುಂದೆ ಡ್ರಮ್ಮಿನಲ್ಲಿ ಉಳಿದಿದ್ದ ತಳದ ನೀರನ್ನು ಚೀಲಗಳ ಮೇಲೆ ಚಿಮುಕಿಸಿದೆ. ನಲವತ್ತು ಚೀಲಕ್ಕೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಒಂದು ಪೊಟ್ಟಣ ಪುಡಿಯನ್ನು ಪರೀಕ್ಷೆಗೆಂದು ಎತ್ತಿಟ್ಟುಕೊಂಡೆ. ಮೇಷ್ಟರಿಗೆ ಫೋನ್ ಮಾಡಿ "ಮಾಲು ಹೊರಟಿತು ಸರ್" ಅಂದೆ. ಅಷ್ಟೇ ಅಂದೆ.

ಇಲ್ಲಿಯ ತನಕ ನಡೆದದ್ದು ತಪ್ಪು. ಮುಂದಿನದಕ್ಕೆ ಬೇರೆ ಹೆಸರಿದೆ. ಪೊಟ್ಟಣದ ಪುಡಿಯನ್ನು ಲ್ಯಾಬಿನ ಗಾಜಿನ ತಟ್ಟೆಗಳಲ್ಲಿ ಬೆಳೆಯಲು ಇಟ್ಟೆ. ಜೀವ ಇದ್ದರೆ ಎರಡು ದಿನಕ್ಕೆ ತಟ್ಟೆಯ ತುಂಬ ಚುಕ್ಕಿ ಏಳಬೇಕು. ಬುಧವಾರ ಬೆಳಗ್ಗೆ ತೆಗೆದು ನೋಡಿದರೆ ತೊಳೆದಿಟ್ಟ ತಟ್ಟೆಗಳ ಹಾಗಿದ್ದವು. ಒಂದೆರಡರಲ್ಲಿ ಮಾತ್ರ ಅಂಚಿಗೆ ಒಂದೊಂದು ಚುಕ್ಕಿ. ಚೀಲಗಳನ್ನು ಕೆಸರಿಗೆ ಹಾಕುವುದು ಶುಕ್ರವಾರ. ಒಂದು ಫೋನ್ ಮಾಡಿದ್ದರೆ ನಿಲ್ಲುತ್ತಿತ್ತು. ಹೊಸದಾಗಿ ಮಾಡಲು ಇನ್ನು ಮೂರು ವಾರ, ಅಷ್ಟರಲ್ಲಿ ಅಧಿಕಾರಿಗಳ ಮನಸ್ಸು ಬದಲಾಗುತ್ತದೆ, ಮೇಷ್ಟರ ಮುಖ ಸಣ್ಣದಾಗುತ್ತದೆ, ನನ್ನ ಕೆಲಸ ಮುಂದುವರಿಯುವುದಿಲ್ಲ, ಪೇಟ ತೊಟ್ಟ ಫೋಟೋ ಎಲ್ಲರ ಮೊಬೈಲಿನಲ್ಲೂ ಇದೆ. ಸಮುದ್ರದಲ್ಲೇ ಇರುವ ಬ್ಯಾಕ್ಟೀರಿಯಾಗಳು ಬಂದು ಪುಡಿಯಲ್ಲಿ ಸೇರಿಕೊಳ್ಳುತ್ತವೆ ಬಿಡು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಪೂರ್ತಿ ಸುಳ್ಳೂ ಅಲ್ಲ. ಅರ್ಧ ನಿಜ ಇದ್ದ ಮಾತನ್ನು ನಂಬುವುದು ಬಲು ಸುಲಭ. ತಟ್ಟೆಗಳನ್ನು ತೊಳೆದಿಟ್ಟೆ.

ಶುಕ್ರವಾರ ನಾನೂ ಅಳಿವೆಯಲ್ಲಿದ್ದೆ. ಸಮುದ್ರ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಇಳಿತದ ಹೊತ್ತಿನಲ್ಲಿ ಆ ಹೆಂಗಸರೇ ಚೀಲ ಹೊತ್ತು ತಂದು ಕೆಸರಿನ ಮೇಲೆ ಸಾಲಾಗಿ ಮಲಗಿಸಿ ಗೂಟ ಹೊಡೆದರು. ಪುಡಿ ಎಣ್ಣೆ ಹೀರಿತು, ಅದರ ಕೆಲಸ ಅದು ಮಾಡಿತು. ಒಳಗೆ ಕೂತು ತಿನ್ನಬೇಕಾದವು ಇರಲಿಲ್ಲ. ಎರಡು ವಾರ ಕಳೆದರೂ ಹೀರಿದ ಎಣ್ಣೆ ಹಾಗೆಯೇ ಜಿಡ್ಡಾಗಿ ಉಳಿಯಿತು. ಅಮಾವಾಸ್ಯೆಯ ದೊಡ್ಡ ಭರತಕ್ಕೆ ಚೀಲಗಳು ಹರಿದು, ಎಣ್ಣೆ ಕುಡಿದ ಪುಡಿ ಅಲ್ಲಿಯ ತನಕ ಅಷ್ಟಿಷ್ಟು ಚೆನ್ನಾಗಿದ್ದ ಕೆಸರಿಗೂ ಹರಡಿತು. ಹೆಂಗಸರು ಮೊಣಕಾಲು ಮಟ್ಟ ಇಳಿದು ಅದನ್ನು ಕೈಯಿಂದ ಬಾಚಿ ಬುಟ್ಟಿಗೆ ತುಂಬುತ್ತಿದ್ದರು. ಚಿಪ್ಪು ತುಂಬಬೇಕಾದ ಬುಟ್ಟಿಗಳು. ನಾನೂ ಮತ್ತೆ ಹೋಗಿ, ಇಳಿದು ಬಾಚಿದೆ. ಒಬ್ಬ ವಯಸ್ಸಾದ ಹೆಂಗಸು ನನ್ನ ಕೈ ತೊಳೆಸಿ, ಕುಚ್ಚಲಕ್ಕಿ ಗಂಜಿ ಕೊಟ್ಟು, ಅಷ್ಟು ದೂರದಿಂದ ನಮಗೋಸ್ಕರ ಬಂದಿರಲ್ಲ, ನಿಮಗೆ ಪುಣ್ಯ ಬರಲಿ ಅಂತ ಹರಸಿದಳು. ಗಂಜಿ ಕುಡಿದು ಬಟ್ಟಲು ತೊಳೆದು ಕೊಟ್ಟೆ. ಆ ತುಂಡು ಕೆಸರಿನಲ್ಲಿ ಮುಂದಿನ ವರ್ಷ ಚಿಪ್ಪಿನ ಬೀಜ ಹಿಡಿಯಲಿಲ್ಲ ಅಂತ ಆಮೇಲೆ ಕೇಳಿದೆ.

ಮೇಷ್ಟರು ಎಲ್ಲಿ ತಪ್ಪಿತು ಅಂತ ಕೇಳಿದಾಗ ನಾನು ಹೇಳಿದೆ: "ಫ್ಯಾಕ್ಟರಿಯವರು ನಾನಿಲ್ಲದಾಗ ಒಣಗಿಸಿಬಿಟ್ಟಿದ್ದಾರೆ ಸರ್. ನನಗೆ ಗೊತ್ತಾಗಲಿಲ್ಲ." ವರದಿಯಲ್ಲಿ ಅವರು ಕೆಲಸಗಾರರ ಅಜಾಗರೂಕತೆ ಅಂತ ಒಂದು ಸಾಲು ಬರೆದರು. ಆಮೇಲೆ ಪುಟ್ಟಸ್ವಾಮಣ್ಣನಿಗೆ ಫೋನ್ ಮಾಡಿ ನಿಮ್ಮ ಕಡೆಯವರು ಮಾಲು ಹಾಳು ಮಾಡಿದರಲ್ಲ ಅಂದರು. ಪುಟ್ಟಸ್ವಾಮಣ್ಣ ಹೆದರಿ ಕೆಂಪಕ್ಕನಿಗೆ ಇನ್ನು ಬರಬೇಡ ಅಂದರು. ನನ್ನ ಕೆಲಸ ಒಂದು ವರ್ಷ ಮುಂದುವರಿಯಿತು. ಆ ವರ್ಷದ ಬಲದ ಮೇಲೆ ಈಗಿನ ಕಾಲೇಜಿನ ಕೆಲಸವೂ ಸಿಕ್ಕಿತು. ಮಕ್ಕಳಿಗೆ ಪಾಠ ಮಾಡುವಾಗ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳ ಅಧ್ಯಾಯ ಬಂದರೆ ಬೇಗ ಮುಗಿಸಿಬಿಡುತ್ತೇನೆ.

ಬಕೆಟ್ಟಿನ ಮುಂದೆ ಕೂತ ಮಾರನೆಯ ಭಾನುವಾರ ಬಿಳಿಗೆರೆಗೆ ಹೋದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗೆ. ಕೆಂಪಕ್ಕ ಮನೆ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿ ಗುರುತು ಹಿಡಿದಳು.

"ಭಾಗ್ಯವ್ವ ಅಲ್ವಾ? ಬಾ ಬಾ, ಕೂತ್ಕೋ. ಎಷ್ಟ್ ದಿನಾಯ್ತು ನಿನ್ ಮುಖ ನೋಡಿ." ಒಳಗೆ ಹೋಗಿ ಚೊಂಬಿನ ತುಂಬ ಮಜ್ಜಿಗೆ ತಂದಳು. ಅದೇ ಮಜ್ಜಿಗೆ. ಈಗ ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಾಳಂತೆ. ಅಟ್ಟ ನೋಡೋಕೆ ಹೋಗ್ತೀಯಾ ಅಂತ ಕೇಳಿದೆ. "ಈಗ ಯಾರೂ ಕರ್ಯಾಕಿಲ್ಲ ಕಣವ್ವ. ಮಾಲು ಹಾಳು ಮಾಡಿದ ಕೈ ಅಂತ ಹೆಸ್ರಾಯ್ತಲ್ಲ. ಬುಡು" ಅಂದಳು. ಸಿಟ್ಟಿನಿಂದ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಾನು ಬಾಯಿ ತೆಗೆಯುವ ಮುಂಚೆ ಅವಳೇ ಮುಂದುವರಿಸಿದಳು. "ನನ್ದೇ ತಪ್ಪು ಕಣವ್ವ. ಅವತ್ತಿಂದ ಎಷ್ಟ್ ಸಲ ಲೆಕ್ಕ ಹಾಕಿದೀನಿ ಗೊತ್ತಾ? ಎಲ್ಡೇ ದಿನ ಬಿಸ್ಲು ಸಾಕಾಗ್ನಿಲ್ಲ. ಮ್ಯಾಲೆ ಒಣಗಿತ್ತು, ಒಳಗೆ ಎಲ್ಲೋ ತ್ಯಾವ ಉಳ್ಕಂಡಿತ್ತು. ಲಾರಿ ಬತ್ತದೆ ಅಂತ ಅವಸ್ರ ಮಾಡ್ಬುಟ್ಟೆ. ಇನ್ನೊಂದು ದಿನ ಬಿಸ್ಲಲ್ಲಿ ಬುಟ್ಟಿದ್ರೆ ಆ ಹೆಂಗಸ್ರ ಗದ್ದೆ ಉಳೀತಿತ್ತು."

ಇಷ್ಟು ವರ್ಷ ಇದನ್ನು ನಂಬಿಕೊಂಡು ಇದ್ದಳು. ಹಾಳು ಮಾಡಿದೆ ಅಂದ ಯಾರೂ, ಹೇಗೆ ಹಾಳಾಯಿತು ಅಂತ ಅವಳಿಗೆ ಹೇಳಿರಲಿಲ್ಲ. ಅವಳನ್ನು ಕೇಳುವವರೂ ಇರಲಿಲ್ಲ. ಚೊಂಬು ಕೆಳಗಿಟ್ಟು ಅತ್ತುಬಿಟ್ಟೆ. ಅಳುತ್ತಲೇ ಹೇಳಿದೆ. ಔಷಧಿ ಅಂದದ್ದು ಸುಳ್ಳು, ಆ ಬೆಳ್ಳನೆ ನೀರು ಹೆಪ್ಪು, ಸಮುದ್ರದ ಎಣ್ಣೆ ತಿನ್ನುವ ಹೆಪ್ಪು, ಆ ಪುಡಿ ಅದರ ಕುಡಿಕೆ, ಒದ್ದೆಯಲ್ಲೇ ಇಡಬೇಕಿತ್ತು. ಬುಧವಾರದ ತಟ್ಟೆಗಳ ವಿಷಯವನ್ನೂ ಹೇಳಿದೆ. ಮೇಷ್ಟರಿಗೆ ಹೇಳಿದ ಮಾತನ್ನೂ ಹೇಳಿದೆ.

ಕೆಂಪಕ್ಕ ನಾನು ಕೆಳಗಿಟ್ಟ ಚೊಂಬನ್ನು ಎತ್ತಿಕೊಂಡು ಅದರೊಳಗಿನ ಮಜ್ಜಿಗೆ ನೋಡಿದಳು.

"ಹೆಪ್ಪಾ?" ಅಂದಳು.

"ಹೂಂ ಕೆಂಪಕ್ಕ."

"ಹೆಪ್ಪು ಅಂದಿದ್ರೆ ನಾನು ಬಿಸ್ಲಿಗೆ ಹಾಕ್ತಿದ್ನಾ? ಒದ್ದೆ ಬಟ್ಟೆ ಸುತ್ತಿ ಮಗೂನ ಕಾಯ್ದಂಗೆ ಕಾಯ್ತಿದ್ದೆ." ಚೊಂಬು ಕೆಳಗಿಟ್ಟಳು. "ಹಂಗಾರೆ ಅಷ್ಟನ್ನೂ ಸಾಯ್ಸಿದ್ದು ನಾನೇನಾ?"

"ನೀನಲ್ಲ. ನಾನು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಎದ್ದು ಒಳಗೆ ಹೋದಳು. ಹೊತ್ತು ಮುಳುಗಿತ್ತು. ದೇವರ ಮುಂದೆ ದೀಪ ಹಚ್ಚಿ ಬಂದು ಬಾಗಿಲಲ್ಲಿ ನಿಂತಳು. ನಾನು, "ಒಸಿ ಹೆಪ್ಪು ಕೊಡ್ತೀಯಾ ಕೆಂಪಕ್ಕ? ತುಮಕೂರಿನಲ್ಲಿ ಉಳಿಸಿಕೊಳ್ತೀನಿ" ಅಂದೆ.

"ದೀಪ ಹಚ್ಚಾಯ್ತು, ಈಗ ಕೊಡಾಕಿಲ್ಲ." ಬಾಗಿಲಲ್ಲೇ ನಿಂತು ಕೇಳಿದಳು. "ಆ ಹೆಂಗಸ್ರಿಗೆ ಹೇಳಿದೀಯಾ ಇದ್ನ?"

"ಇಲ್ಲ."

"ಹೋಗಿ ಹೇಳು. ಅವರಿಗೂ ಏನಾಯ್ತು ಅಂತ ಗೊತ್ತಿಲ್ಲ, ನನ್ನಂಗೇ ಏನೇನೋ ಲೆಕ್ಕ ಹಾಕ್ತಾ ಕೂತಿರ್ತಾರೆ. ನನ್ ಹೆಸ್ರೂ ಹೇಳು. ಬಿಳಿಗೆರೆ ಕೆಂಪಮ್ಮ ಬಿಸ್ಲಿಗೆ ಹಾಕಿದ್ದು ಅಂತ ಹೇಳು. ಯಾಕೆ ಹಾಕಿದ್ಲು ಅನ್ನೋದ್ನೂ ಹೇಳು. ಹೇಳಿ, ಒಂದಿನ ಬೆಳಗ್ಗೆ ಹೊತ್ತು ಬಾ. ಆಗ ಕೊಡ್ತೀನಿ."

ಪುಟ್ಟಸ್ವಾಮಣ್ಣನಿಗೂ ಮೇಷ್ಟರಿಗೂ ಆ ವಾರವೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೇಷ್ಟರು ನಿವೃತ್ತರಾಗಿದ್ದಾರೆ, ಹೋಗಲಿ ಬಿಡಮ್ಮ ಹಳೇದು ಅಂದರು. ಫೋನಿನಲ್ಲಿ ಹೇಳುವುದು ಕಷ್ಟವೇನಲ್ಲ, ಹೀಗೆ ಕೂತು ಬರೆಯುವುದೂ ಕಷ್ಟವಲ್ಲ. ಗಂಜಿ ಕೊಟ್ಟು ಹರಸಿದ ಆ ಮುದುಕಿಯ ಎದುರು ನಿಂತು ಹೇಳಬೇಕು. ಕರಾವಳಿಯ ಬಸ್ಸು ನಮ್ಮ ಬೀದಿಯ ಕೊನೆಯಲ್ಲೇ ನಿಲ್ಲುತ್ತದೆ. ಎರಡು ಭಾ‌ನುವಾರ ಆದವು, ನಾನು ಇನ್ನೂ ಹತ್ತಿಲ್ಲ. ಅಡುಗೆಮನೆಯಲ್ಲಿ ಒಂದು ಖಾಲಿ ಕುಡಿಕೆ ತೊಳೆದು ಬೋರಲು ಹಾಕಿಟ್ಟಿದ್ದೇನೆ.